ಆ ಗಾಡಿಯಲ್ಲಿ ಕೂತವರು ಕೆಟ್ಟವರಲ್ಲ

'ಡಾಕ್ಟರ್ ಹೂ' ಸರಣಿಯ 'ಮಿಡ್‌ನೈಟ್' ಎಪಿಸೋಡ್ ಬಗ್ಗೆ ನಮ್ಮ ಗೆಳೆಯರ ಗುಂಪಿನಲ್ಲಿ ಮತ್ತೆ ಜಗಳ ಶುರುವಾಗಿದೆ. ಇದು ಹಳೇ ಜಗಳ. 2025ರ ಏಪ್ರಿಲ್‌ನಲ್ಲಿ 'ದ ವೆಲ್' ಬಂತಲ್ಲ, 'ಮಿಡ್‌ನೈಟ್' ನಡೆಯುವ ಅದೇ ಗ್ರಹಕ್ಕೆ ನಾಲ್ಕು ಲಕ್ಷ ವರ್ಷಗಳ ನಂತರ ವಾಪಸ್ ಹೋಗುವ ಕಥೆ, ಅದರಿಂದ ಮತ್ತೆ ಎದ್ದಿತು. ಮೊನ್ನೆ ಗಾಂಧಿ ಬಜಾರಿನಲ್ಲಿ ಕಾಫಿಗೆ ಸೇರಿದವರು ಇದೇ ವಿಷಯಕ್ಕೆ ದನಿ ಏರಿಸಿ ಮಾತಾಡಿದೆವು. ಅಲ್ಲಿ ನನಗೆ ಪೂರ್ತಿ ಹೇಳಲು ಬಿಡಲಿಲ್ಲ. ಇಲ್ಲಿ ಹೇಳುತ್ತೇನೆ. ಕಥೆಯನ್ನೂ ಕೊನೆಯವರೆಗೆ ಹೇಳುತ್ತೇನೆ, ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಿ.

ಸರಣಿ ಗೊತ್ತಿಲ್ಲದವರಿಗೆ ಎರಡು ಮಾತು. 'ಡಾಕ್ಟರ್ ಹೂ' ಶುರುವಾಗಿದ್ದು 1963ರ ನವೆಂಬರ್‌ನಲ್ಲಿ, ಬಿಬಿಸಿಯಲ್ಲಿ. ಮಧ್ಯೆ ಹಲವು ವರ್ಷ ನಿಂತು 2005ರಲ್ಲಿ ಮತ್ತೆ ಬಂತು. ಕಾಲದಲ್ಲೂ ಆಕಾಶದಲ್ಲೂ ತಿರುಗಾಡುವ ಡಾಕ್ಟರ್ ಎಂಬ ಜೀವಿ, ಜೊತೆಗೆ ಸಾಮಾನ್ಯವಾಗಿ ಒಬ್ಬ ಮನುಷ್ಯ ಸಂಗಾತಿ. ಅವನು ಬಂದೂಕು ಹಿಡಿಯುವವನಲ್ಲ. ಮಾತಾಡಿಯೇ ಗೆಲ್ಲುತ್ತಾನೆ. ಎಂಥ ರಾಕ್ಷಸನ ಮುಂದೆಯೂ ನಿಂತು, ಕಣ್ಣರಳಿಸಿ, ಪಟಪಟ ಅಂತ ಮಾತಾಡಿ ದಾರಿ ಹುಡುಕುತ್ತಾನೆ. ಆ ನಂಬಿಕೆಗೇ ನಾವೆಲ್ಲ ಇದನ್ನು ಇಷ್ಟು ವರ್ಷ ನೋಡುತ್ತಾ ಬಂದಿದ್ದೇವೆ.

'ಮಿಡ್‌ನೈಟ್' 2008ರ ಜೂನ್ 14ರಂದು ಬಂತು. ಬರೆದದ್ದು ರಸೆಲ್ ಟಿ. ಡೇವಿಸ್. ಡಾಕ್ಟರ್ ಆಗಿ ಡೇವಿಡ್ ಟೆನೆಂಟ್. ಮಿಡ್‌ನೈಟ್ ಎಂಬ ಗ್ರಹದಲ್ಲಿ ವಜ್ರದ ನೆಲ, ಆದರೆ ಸೂರ್ಯನ ಬೆಳಕು ತಾಗಿದರೆ ಯಾವ ಜೀವವೂ ಉಳಿಯುವುದಿಲ್ಲ. ಸಂಗಾತಿ ಡೋನಾ ರೆಸಾರ್ಟಿನಲ್ಲಿ ಆರಾಮಾಗಿ ಉಳಿಯುತ್ತಾಳೆ. ಡಾಕ್ಟರ್ ಒಬ್ಬನೇ ಒಂದು ಮುಚ್ಚಿದ ಗಾಡಿ ಹತ್ತಿ ಜಲಪಾತ ನೋಡಲು ಹೊರಡುತ್ತಾನೆ. ನಾಲ್ಕು ಗಂಟೆ ಪ್ರಯಾಣ. ನಮ್ಮ ರಾತ್ರಿ ಬಸ್ಸಿನ ಹಾಗೇ ಇದೆ ಆ ಗಾಡಿ: ಸೀಟಿನ ಸಾಲು, ತಲೆ ಚಿಟ್ಟು ಹಿಡಿಸುವ ಟೀವಿ, ತಿಂಡಿ ಹಂಚುವ ಹೆಂಗಸು. ಒಬ್ಬ ಪ್ರೊಫೆಸರ್, ಅವರ ಶಿಷ್ಯೆ ಡೀ ಡೀ, ಗಂಡ ಹೆಂಡತಿ ಬಿಫ್ ಮತ್ತು ವ್ಯಾಲ್, ಅವರ ಹದಿಹರೆಯದ ಮಗ ಜೆಥ್ರೋ, ಒಂಟಿಯಾಗಿ ಹೊರಟಿರುವ ಸ್ಕೈ ಎಂಬಾಕೆ. ಡಾಕ್ಟರ್ ಮೊದಲು ಮಾಡುವ ಕೆಲಸ ಏನು ಗೊತ್ತಾ? ಆ ಟೀವಿಯನ್ನು ಗುಟ್ಟಾಗಿ ಕೆಡಿಸುತ್ತಾನೆ. ಈಗ ಮಾತಾಡದೆ ಬೇರೆ ದಾರಿ ಇಲ್ಲ. ಎಲ್ಲರೂ ಹರಟೆ ಹೊಡೆಯುತ್ತಾರೆ, ಬಿಫ್ ತನ್ನ ಈಜುಕೊಳದ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಾನೆ.

ಆಮೇಲೆ ಗಾಡಿ ನಿಲ್ಲುತ್ತದೆ. ಹೊರಗೆ ಯಾರೂ ಬದುಕಲಾರದ ಜಾಗದಲ್ಲಿ ಯಾರೋ ಗಾಡಿಯ ಮೈ ತಟ್ಟುತ್ತಾರೆ. ಚಾಲಕನ ಕೋಣೆ ಕಿತ್ತುಹೋಗುತ್ತದೆ, ಅದರೊಳಗಿದ್ದ ಇಬ್ಬರೂ ಸಾಯುತ್ತಾರೆ. ಆ ಏನೋ ಒಂದು ಸ್ಕೈ ಒಳಗೆ ಸೇರಿಕೊಳ್ಳುತ್ತದೆ. ಅದಕ್ಕೆ ತನ್ನದೇ ಮಾತಿಲ್ಲ. ಮೊದಲು ಎಲ್ಲರ ಮಾತನ್ನೂ ಅವರು ಹೇಳಿದ ಬೆನ್ನಿಗೇ ಹಾಗೇ ಹೇಳುತ್ತದೆ. ನಂತರ ಜೊತೆಜೊತೆಗೇ ಹೇಳುತ್ತದೆ. ಕೊನೆಗೆ ಡಾಕ್ಟರ್‌ನನ್ನು ಮಾತ್ರ ಹಿಡಿದುಕೊಂಡು ತಾನೇ ಮೊದಲು ಹೇಳುತ್ತದೆ, ಅವನು ಅದರ ಮಾತನ್ನೇ ಮತ್ತೆ ಹೇಳುವ ಸ್ಥಿತಿಗೆ ಬರುತ್ತಾನೆ. ಅದು ಈಗ ಅವನೊಳಗೆ ಸೇರಿದೆ ಅಂದುಕೊಂಡು ಜನ ಅವನನ್ನೇ ಹೊರಗೆ ಎಸೆಯಲು ಎಳೆಯುತ್ತಾರೆ. ಆ ತಿಂಡಿ ಹಂಚುವ ಹೆಂಗಸು ಸ್ಕೈಯನ್ನು ತಬ್ಬಿ ಹಿಡಿದು, ಬಾಗಿಲು ತೆರೆದು, ತಾನೂ ಹೊರಗೆ ಹೋಗಿಬಿಡುತ್ತಾಳೆ. ಇಷ್ಟೇ ಕಥೆ. ಹೊರಗಿದ್ದದ್ದು ಏನು ಅಂತ ಯಾರೂ ಹೇಳುವುದಿಲ್ಲ, ತೋರಿಸುವುದೂ ಇಲ್ಲ.

ನನ್ನ ಗೆಳೆಯನೊಬ್ಬನ ವಾದ ಇದು: "ಒಳ್ಳೇ ನಾಟಕ ಇರಬಹುದು ಕಣೋ, ಆದರೆ ಇದು ಡಾಕ್ಟರ್ ಹೂ ಅಲ್ಲ. ಅವನು ಏನೂ ಮಾಡೋದೇ ಇಲ್ಲ, ಸುಮ್ನೆ ನೆಲದ ಮೇಲೆ ಬಿದ್ದು ಕಣ್ಣು ಬಿಡ್ತಾನೆ." ಇನ್ನೊಬ್ಬಳ ವಾದ ಬೇರೆ: "ಮನುಷ್ಯರು ಅಷ್ಟು ಬೇಗ ಹಾಗಾಗಲ್ಲ. ಈಗಷ್ಟೇ ಕಥೆ ಹೇಳಿ ನಗ್ತಿದ್ದವರು ಅಷ್ಟು ಬೇಗ ಕೊಲ್ಲೋಕೆ ರೆಡಿ ಆಗ್ತಾರಾ? ಬರೆದವರು ಜಾಸ್ತಿ ಮಾಡಿದ್ದಾರೆ."

ಮೊದಲನೆಯದಕ್ಕೆ ನನ್ನ ಉತ್ತರ ಚಿಕ್ಕದು. ಅವನು ಏನೂ ಮಾಡುವುದಿಲ್ಲ ಅನ್ನುವುದು ಸರಿಯಲ್ಲ. ಯಾವತ್ತೂ ಮಾಡುವುದನ್ನೇ ಮಾಡುತ್ತಾನೆ. ಮುಂದೆ ನಿಲ್ಲುತ್ತಾನೆ, ಎಲ್ಲರಿಗೂ ಹೀಗೆ ಮಾಡಿ ಹಾಗೆ ಮಾಡಿ ಅನ್ನುತ್ತಾನೆ, ಆ ಜೀವಿಯನ್ನು ಕಂಡು ಕುತೂಹಲ ಪಡುತ್ತಾನೆ. ಬೇರೆ ಎಪಿಸೋಡುಗಳಲ್ಲಿ ಇದಕ್ಕೆ ನಾವು ಚಪ್ಪಾಳೆ ಹೊಡೆಯುತ್ತೇವೆ. ಇಲ್ಲಿ ಜನ ಕೇಳುತ್ತಾರೆ, ನೀನು ಯಾರು? ನಿನ್ನ ಹೆಸರೇನು? ನಿನ್ನ ಮಾತು ಯಾಕೆ ಕೇಳಬೇಕು? ಅವನು "ಯಾಕೆಂದರೆ ನಾನು ಬುದ್ಧಿವಂತ" ಅಂದುಬಿಡುತ್ತಾನೆ. ಹಾಗಾದರೆ ನಾವೆಲ್ಲ ದಡ್ಡರಾ ಅಂತ ಅವರಿಗೆ ಚುಚ್ಚುತ್ತದೆ. ಹೆಸರು ಕೇಳಿದರೆ ಜಾನ್ ಸ್ಮಿತ್ ಅನ್ನುತ್ತಾನೆ, ಯಾರೂ ನಂಬುವುದಿಲ್ಲ. ಜೊತೆಯಲ್ಲಿ ಡೋನಾ ಇಲ್ಲ, ಅಂದರೆ "ಇವನು ಒಳ್ಳೆಯವನು" ಅಂತ ಹೇಳುವ ಒಬ್ಬ ಮನುಷ್ಯಳೂ ಆ ಗಾಡಿಯಲ್ಲಿ ಇಲ್ಲ. ಸಂಗಾತಿ ಯಾಕೆ ಬೇಕು ಅನ್ನುವುದನ್ನು ಇಡೀ ಸರಣಿಯಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸಿದ ಎಪಿಸೋಡ್ ನನಗೆ ಬೇರೆ ಕಾಣಿಸಿಲ್ಲ. ಇದು ಡಾಕ್ಟರ್ ಹೂ ಅಲ್ಲದಿದ್ದರೆ ಬೇರೆ ಯಾವುದು?

ನನಗೆ ನಿಜವಾಗಿ ಸಿಟ್ಟು ಬರುವುದು ಎರಡನೇ ಮಾತಿಗೆ. "ಮನುಷ್ಯರು ಹಾಗಾಗಲ್ಲ" ಅನ್ನುವುದಕ್ಕೆ.

ಆಗಲ್ವಾ? ಬೆಂಗಳೂರಲ್ಲಿ ಕೂತು ಇದನ್ನು ಹೇಗೆ ಹೇಳುತ್ತೀರಿ?

2018ರ ಮೇ 23. ಚಾಮರಾಜಪೇಟೆ. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪಿನಲ್ಲಿ ಸುದ್ದಿ ಓಡಾಡುತ್ತಿದ್ದ ದಿನಗಳು. ರಾಜಸ್ಥಾನದಿಂದ ಕೆಲಸಕ್ಕೆ ಅಂತ ಬಂದಿದ್ದ 26 ವರ್ಷದ ಹುಡುಗನನ್ನು ಹಾಡುಹಗಲೇ ಕಟ್ಟಿಹಾಕಿ ಹೊಡೆದರು. ಸತ್ತುಹೋದ. ಹೊಡೆದವರು ಎಲ್ಲಿಂದಲೋ ಬಂದ ರೌಡಿಗಳಲ್ಲ, ಅದೇ ಬೀದಿಗಳ ಜನ. ಎರಡು ತಿಂಗಳೂ ಆಗಿರಲಿಲ್ಲ, ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಇನ್ನೊಂದು. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ. ಅವರು ಕಾರು ಹತ್ತಿ ಹೊರಡುವಷ್ಟರಲ್ಲಿ ಮುಂದಿನ ಊರಿಗೆ ಮೆಸೇಜ್ ಮುಟ್ಟಿತ್ತು. ಅಲ್ಲಿ ರಸ್ತೆ ಅಡ್ಡ ಹಾಕಿದರು. ಆ ಗುಂಪಿನಲ್ಲಿದ್ದ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬ ಜೀವ ಕಳೆದುಕೊಂಡ. ಇದಕ್ಕೆಲ್ಲ ಎಷ್ಟು ಹೊತ್ತು ಬೇಕಾಯಿತು? ಎಪಿಸೋಡ್‌ನಲ್ಲಿ ಜನ ಬೇಗ ಬದಲಾದರು ಅನ್ನುವವರು ಇದಕ್ಕೆ ಉತ್ತರ ಹೇಳಬೇಕು.

2012ರ ಆಗಸ್ಟ್ ನೆನಪಿದೆಯಾ? ಅಸ್ಸಾಮಿನ ಗಲಭೆ ಆದಮೇಲೆ, ಈಶಾನ್ಯದವರ ಮೇಲೆ ಇಲ್ಲೂ ದಾಳಿ ಆಗುತ್ತದೆ ಅಂತ ಎಸ್ಸೆಮ್ಮೆಸ್ ಹರಿದಾಡಿದವು. ಸಾವಿರಾರು ಜನ ಬ್ಯಾಗು ಹಿಡಿದು ಸಿಟಿ ರೈಲ್ವೆ ಸ್ಟೇಷನ್‌ಗೆ ಬಂದರು. ಗುವಾಹಟಿಗೆ ಸ್ಪೆಷಲ್ ಟ್ರೈನ್ ಬಿಟ್ಟರು. ಕೊನೆಗೆ ಕೇಂದ್ರ ಸರ್ಕಾರ ಒಬ್ಬರು ದಿನಕ್ಕೆ ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸಬಾರದು ಅಂತ ಕೆಲವು ದಿನ ದೇಶಕ್ಕೆಲ್ಲ ತಡೆ ಹಾಕಿತು. ಪಾರ್ಲರ್‌ಗಳಲ್ಲಿ, ಹೋಟೆಲ್‌ಗಳಲ್ಲಿ, ಸೆಕ್ಯುರಿಟಿ ಕೆಲಸದಲ್ಲಿ ದಿನಾ ನಮ್ಮ ಕಣ್ಣೆದುರೇ ಇದ್ದವರು ಒಂದು ವಾರದಲ್ಲಿ ಈ ಊರನ್ನೇ ನಂಬದ ಹಾಗಾಯಿತು.

ಈಗ ಆ ಜೀವಿ ಮಾಡುವ ಕೆಲಸವನ್ನು ಮತ್ತೆ ನೋಡಿ. ಅದಕ್ಕೆ ಸ್ವಂತ ಮಾತಿಲ್ಲ. ನಮ್ಮ ಮಾತನ್ನೇ ತೆಗೆದುಕೊಳ್ಳುತ್ತದೆ. ಮೊದಲು ನಾವು ಹೇಳಿದ್ದನ್ನು ಅದು ಹೇಳುತ್ತದೆ. ಆಮೇಲೆ ಯಾರು ಮೊದಲು ಹೇಳಿದರು ಅಂತಲೇ ಗೊತ್ತಾಗುವುದಿಲ್ಲ. ಕೊನೆಗೆ ಅದು ಹೇಳಿದ್ದನ್ನು ನಾವು ಹೇಳುತ್ತಿರುತ್ತೇವೆ, ನಮ್ಮದೇ ಮಾತು ಅಂದುಕೊಂಡು. ಒಂದು ಗಾಳಿಸುದ್ದಿ ಬೆಳೆಯುವುದು ಹೀಗೇ ಅಲ್ವಾ? 2008ರಲ್ಲಿ ವಾಟ್ಸಾಪ್ ಇರಲೇ ಇಲ್ಲ. ಆದರೂ ನಮ್ಮ ಈ ಹದಿನೈದು ಇಪ್ಪತ್ತು ವರ್ಷಗಳ ಬಗ್ಗೆ ಇಷ್ಟು ನಿಖರವಾಗಿ ಹೇಳಿದ ಇನ್ನೊಂದು ವಿಜ್ಞಾನ ಕಥೆ ನಾನು ಟೀವಿಯಲ್ಲಿ ನೋಡಿಲ್ಲ.

ನನ್ನ ಮುಖ್ಯ ಮಾತು ಇದು. ಆ ಗಾಡಿಯಲ್ಲಿ ಕೂತವರು ಕೆಟ್ಟವರಲ್ಲ. ಇದನ್ನು ಒಪ್ಪಿಕೊಳ್ಳದಿದ್ದರೆ ಎಪಿಸೋಡ್ ಅರ್ಥವೇ ಆಗುವುದಿಲ್ಲ. ಸ್ಕೈಯನ್ನು ಹೊರಗೆ ಹಾಕೋಣ ಅಂತ ಮೊದಲು ಹೇಳಿದ್ದು ಯಾರು? ಜಗಳಗಂಟ ಬಿಫ್ ಅಲ್ಲ. ಕೊನೆಗೆ ಪ್ರಾಣ ಕೊಟ್ಟು ಎಲ್ಲರನ್ನೂ ಉಳಿಸಿದ ಅದೇ ಹೆಂಗಸು! ಅವಳ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರು ಈಗಷ್ಟೇ ಸತ್ತಿದ್ದಾರೆ, ಮುಂದಿನ ಸರದಿ ನಮ್ಮದು ಅನ್ನುವುದು ಅವಳ ಲೆಕ್ಕ. ಸರಿ, ಎಸೆಯುವುದು ಹೇಗೆ? ಬಾಗಿಲು ತೆರೆದರೆ ಒಳಗಿನ ಗಾಳಿ ಆರು ಸೆಕೆಂಡ್ ನಿಲ್ಲುತ್ತದೆ, ಅಷ್ಟರಲ್ಲಿ ಒಬ್ಬರನ್ನು ಹೊರಗೆ ಹಾಕಬಹುದು. ಈ ಲೆಕ್ಕ ಕೊಟ್ಟದ್ದು ಡೀ ಡೀ. ಇಡೀ ಗಾಡಿಯಲ್ಲಿ ಎಲ್ಲರಿಗಿಂತ ಸೌಮ್ಯ ಹುಡುಗಿ, ಚೆನ್ನಾಗಿ ಓದಿದವಳು. ಅದೇ ಡೀ ಡೀ ಆಮೇಲೆ, ಸ್ಕೈ ಅವನ ದನಿ ಕದ್ದಿದ್ದಾಳೆ, ಇವನದೇನೂ ತಪ್ಪಿಲ್ಲ ಅಂತ ಹೇಳಲು ಹೋಗುತ್ತಾಳೆ. ಅಷ್ಟರಲ್ಲಿ ಅವಳ ಮಾತು ಕೇಳುವವರು ಯಾರೂ ಇಲ್ಲ. ಅವಳ ಪ್ರೊಫೆಸರೇ ಎಲ್ಲರ ಮುಂದೆ, ನೀನು ಸಾಧಾರಣ ವಿದ್ಯಾರ್ಥಿನಿ, ತಜ್ಞೆಯ ಹಾಗೆ ಆಡಬೇಡ ಅಂತ ಅವಳ ಬಾಯಿ ಮುಚ್ಚಿಸುತ್ತಾರೆ. ಹುಡುಗ ಜೆಥ್ರೋಗೆ ಡಾಕ್ಟರ್ ಇಷ್ಟವೇ. ಆದರೂ "ನೀವು ಇದನ್ನೆಲ್ಲ ಖುಷಿಯಿಂದ ನೋಡ್ತಾ ಇದ್ದೀರಿ" ಅಂತ ಅವನೂ ಹೇಳಿಬಿಡುತ್ತಾನೆ. ಅದು ಸುಳ್ಳೂ ಅಲ್ಲ! ಡಾಕ್ಟರ್ ಮುಖದಲ್ಲಿ ಆ ಕುತೂಹಲ ನಮಗೇ ಕಾಣಿಸುತ್ತದೆ. ಒಬ್ಬೊಬ್ಬರು ಇಟ್ಟ ಒಂದೊಂದು ಹೆಜ್ಜೆಗೂ ಕಾರಣ ಇದೆ. ಎಲ್ಲ ಸೇರಿದಾಗ ಒಬ್ಬ ಮನುಷ್ಯನ ಕೈಕಾಲು ಹಿಡಿದು ಸಾವಿನ ಬಾಗಿಲಿಗೆ ಎಳೆಯುತ್ತಿದ್ದಾರೆ.

ಕೆಲವು ವರ್ಷದ ಹಿಂದೆ ಮಂಗಳೂರಿನಿಂದ ಬರುವಾಗ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ನಮ್ಮ ಬಸ್ಸು ರಾತ್ರಿಯೆಲ್ಲ ನಿಂತಿತ್ತು. ಒಬ್ಬ ಹುಡುಗ ಮತ್ತೆ ಮತ್ತೆ ಕೆಳಗಿಳಿದು ಕತ್ತಲಲ್ಲಿ ಫೋನ್ ಮಾಡಿ ಬರುತ್ತಿದ್ದ. ಲಗೇಜ್ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಗುಸುಗುಸು. ಒಬ್ಬರು ಟಿಕೆಟ್ ತೋರಿಸು ಅಂದರು, ಇನ್ನೊಬ್ಬರು ಯಾವ ಊರು ಅಂತ ಗದರಿದರು. ಅಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬರು "ಬಾ ಮಗಾ, ಇಲ್ಲಿ ಕೂತ್ಕೋ" ಅಂತ ಅವನನ್ನು ಪಕ್ಕಕ್ಕೆ ಕರೆದು ಬಿಸ್ಕೆಟ್ ಕೊಟ್ಟರು. ಅವನ ಅಪ್ಪ ಬೆಂಗಳೂರಿನಲ್ಲಿ ಆಸ್ಪತ್ರೆಯಲ್ಲಿದ್ದರು, ಸಿಗ್ನಲ್ ಹುಡುಕಿಕೊಂಡು ಇಳಿಯುತ್ತಿದ್ದ. ಅಲ್ಲಿಗೆ ಮುಗಿಯಿತು. ಆ ಬಸ್ಸಿನಲ್ಲಿ ಆ ಅಜ್ಜಿ ಡೋನಾಳ ಕೆಲಸ ಮಾಡಿದರು. ಡಾಕ್ಟರ್‌ಗೆ ಆ ಭಾಗ್ಯ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಎಪಿಸೋಡ್‌ನಲ್ಲಿ ವ್ಯಾಲ್ ಒಂದು ಮಾತು ಹೇಳುತ್ತಾಳೆ: "ನಾನು ಹೇಳಿದ್ದೆ, ಅದು ಅವಳೇ ಅಂತ." ಈಗಷ್ಟೇ ಡಾಕ್ಟರ್‌ನನ್ನು ಹೊರಗೆ ಎಸೆಯಿರಿ ಎಂದು ಕೂಗುತ್ತಿದ್ದವಳು. ಡಾಕ್ಟರ್ ಅವಳನ್ನು ಸುಮ್ಮನೆ ನೋಡುತ್ತಾನೆ. ಬೈಯುವುದಿಲ್ಲ. ನನಗೆ ಇಡೀ ಎಪಿಸೋಡ್‌ನಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಈ ಸಾಲು. ಆ ಕ್ಷಣದಿಂದಲೇ ಅವಳು ಸತ್ಯವನ್ನು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತಿದ್ದಾಳೆ, ಮನೆಗೆ ಹೋಗಿ ಇದನ್ನೇ ನಂಬಿ ಬದುಕುತ್ತಾಳೆ. ನಂತರ ಡಾಕ್ಟರ್ ಕೇಳುತ್ತಾನೆ, ನಮ್ಮನ್ನು ಉಳಿಸಿದವಳ ಹೆಸರೇನು? ಯಾರಿಗೂ ಗೊತ್ತಿಲ್ಲ. ಅಷ್ಟು ಹೊತ್ತು ಅವಳ ಕೈಯಿಂದ ತಿಂಡಿ ತೆಗೆದುಕೊಂಡವರು. ಡಾಕ್ಟರ್‌ಗೂ ಗೊತ್ತಿಲ್ಲ, ಅದನ್ನೂ ಹೇಳಬೇಕು.

ನಟನೆಯ ಬಗ್ಗೆ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಸ್ಕೈ ಆಗಿ ಲೆಸ್ಲಿ ಶಾರ್ಪ್. ಟೆನೆಂಟ್ ಜೊತೆ ಒಂದೇ ಉಸಿರಿನಲ್ಲಿ ಅದೇ ಮಾತು, ಅದೇ ವೇಗ, ಪೈ ಸಂಖ್ಯೆಯ ವರ್ಗಮೂಲದ ಅಂಕಿಗಳನ್ನೂ ಸೇರಿಸಿ. ಪ್ರೊಫೆಸರ್ ಪಾತ್ರದಲ್ಲಿ ಡೇವಿಡ್ ಟ್ರೌಟನ್, ಅವರು ಡಾಕ್ಟರ್ ಪಾತ್ರ ಮಾಡಿದ ಎರಡನೇ ನಟ ಪ್ಯಾಟ್ರಿಕ್ ಟ್ರೌಟನ್ ಅವರ ಮಗ. ಜೆಥ್ರೋ ಆಗಿದ್ದ ಕೋಲಿನ್ ಮಾರ್ಗನ್ ಅದೇ ವರ್ಷ 'ಮರ್ಲಿನ್' ಎಂಬ ಸರಣಿಯ ನಾಯಕ ಆದರು. ಒಂದೇ ಗಾಡಿ, ಏಳೆಂಟು ಜನ, ಒಂದು ದನಿ. ಇದನ್ನು ನಮ್ಮ ರಂಗಶಂಕರದಲ್ಲಿ ಯಾರಾದರೂ ಕನ್ನಡದಲ್ಲಿ ಆಡಿದರೆ ಮೊದಲ ಟಿಕೆಟ್ ನನ್ನದು.

'ದ ವೆಲ್' ಬಗ್ಗೆ. ಅದು ನನಗೂ ಇಷ್ಟ. ರೋಸ್ ಏಲಿಂಗ್-ಎಲ್ಲಿಸ್ ಅವರ ಪಾತ್ರ, ಕಿವಿ ಕೇಳಿಸದ ಆ ಅಡುಗೆಯವಳು, ಮತ್ತು ಅವಳ ಬೆನ್ನ ಹಿಂದೆ ಯಾವಾಗಲೂ ಇರುವ ಅದು. ಚೆನ್ನಾಗಿ ಹೆದರಿಸುತ್ತದೆ. ಆದರೆ ಅಲ್ಲಿ ಹೆಚ್ಚಿನ ಪಾಲು ಕೊಲ್ಲುವುದು ಜೀವಿ. ಇಲ್ಲಿ ಕೊಲ್ಲಲು ಹೊರಟಿದ್ದು ನಾವು. ಅದಕ್ಕೇ ನನಗೆ ಹಳೆಯದೇ ಮೇಲು, ಮತ್ತು ಆ ಜೀವಿ ಏನು, ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಯಾವತ್ತೂ ಉತ್ತರ ಸಿಗದಿದ್ದರೂ ನನಗೆ ಬೇಸರ ಇಲ್ಲ.

ನೋಡಿಲ್ಲದವರು ಎಚ್ಚರಿಕೆ ಕೊಟ್ಟರೂ ಇಲ್ಲಿಯವರೆಗೆ ಓದಿದ್ದರೆ, ಪರವಾಗಿಲ್ಲ, ಈಗಲೂ ನೋಡಿ. ಮೊದಲು 'ಮಿಡ್‌ನೈಟ್', ಅದರ ಬೆನ್ನಿಗೇ ಬಂದ 'ಟರ್ನ್ ಲೆಫ್ಟ್', ಆಮೇಲೆ 'ದ ವೆಲ್'. 'ಟರ್ನ್ ಲೆಫ್ಟ್'ನಲ್ಲಿ ಡಾಕ್ಟರ್ ಇಲ್ಲದ ಡೋನಾ ಇದ್ದಾಳೆ, ಎರಡನ್ನೂ ಒಟ್ಟಿಗೇ ನೋಡಬೇಕು. ನೋಡಿ ಆದಮೇಲೆ ಕಾಮೆಂಟಿನಲ್ಲಿ ಒಂದು ಹೇಳಿ: ಆ ಗಾಡಿಯಲ್ಲಿ ಯಾವ ಕ್ಷಣದಲ್ಲಿ, ಯಾರು, ಏನು ಹೇಳಿದ್ದರೆ ಅದು ಅಲ್ಲಿಗೆ ನಿಲ್ಲುತ್ತಿತ್ತು? "ಡಾಕ್ಟರ್ ಸರಿಯಾಗಿ ಮಾತಾಡಬೇಕಿತ್ತು" ಅನ್ನುವ ಉತ್ತರ ಬೇಡ. ಉಳಿದ ಏಳು ಜನರಲ್ಲಿ ಒಬ್ಬರನ್ನು ಆರಿಸಿ ಹೇಳಿ.