24-70 ಎಫ್/2.8 ಎಲ್ಲರಿಗೂ ಬೇಕಿಲ್ಲ

ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾ ಕೊಂಡವರ ಮೊದಲ ಜೂಮ್ ಲೆನ್ಸ್ 24-70 ಎಫ್/2.8 ಆಗಿರಲೇಬೇಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಇದನ್ನು ಒಪ್ಪುವುದಿಲ್ಲ. 24-70 ಅಂದರೆ ಲೆನ್ಸಿನ ಫೋಕಲ್ ಲೆಂತ್, ಮಿಲಿಮೀಟರ್ ಲೆಕ್ಕದಲ್ಲಿ; ಈ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಊರು ಸುತ್ತುತ್ತಾ ಫೋಟೋ ತೆಗೆಯುವವರಿಗೆ 24-105 ಎಫ್/4 ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕ್ಯಾನನ್ ಆರ್‌ಎಫ್ ಲೆನ್ಸ್ ಸಾಲನ್ನೇ ನೋಡಿ. 24-70 ಎಫ್/2.8 ಲೆನ್ಸ್ 900 ಗ್ರಾಂ, 24-105 ಎಫ್/4 ಎಲ್ (ಉನ್ನತ ದರ್ಜೆಯ) ಲೆನ್ಸ್ 700 ಗ್ರಾಂ. ಬೆಲೆಯಲ್ಲೂ ಅಂತರ ಜಾಸ್ತಿ. ಬೇಲೂರಿನ ಮದನಿಕೆಯರು ಇರುವುದು ಕಂಬದ ಮೇಲ್ತುದಿಯಲ್ಲಿ. ಅಲ್ಲಿ 70 ಸಾಲದು, 105 ಇದ್ದರೆ ಎಷ್ಟೋ ಅನುಕೂಲ.

ರಾತ್ರಿ ಯಕ್ಷಗಾನ ತೆಗೆಯುವವರ ವಿಷಯ ಬೇರೆ. ಎಫ್/4ರಲ್ಲಿ 1/125 ಸೆಕೆಂಡ್ ಶಟರ್ ವೇಗ ಸಿಗುವ ಬೆಳಕಿನಲ್ಲಿ, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) ಬದಲಿಸದೆ, ಎಫ್/2.8ರಲ್ಲಿ 1/250 ಸಿಗುತ್ತದೆ. ವೇಷಧಾರಿ ಗಿರಕಿ ಹೊಡೆಯುವಾಗ ಮುಖ ಸ್ಪಷ್ಟವಾಗಿ ಬರಲು ಈ ಒಂದು ಸ್ಟಾಪ್ (ಎರಡು ಪಟ್ಟು ಬೆಳಕು) ಬೇಕೇ ಬೇಕು. ಎಫ್/4 ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅದು ನಮ್ಮ ಕೈ ನಡುಕವನ್ನು ಸರಿಪಡಿಸುತ್ತದೆ, ಕುಣಿಯುವವರನ್ನು ನಿಲ್ಲಿಸುವುದಿಲ್ಲ. ರಂಗಸ್ಥಳದಿಂದ ದೂರ ಕೂರುವವರಂತೂ 24-70 ಬಿಟ್ಟು ನೇರವಾಗಿ 70-200 ಎಫ್/2.8 ನೋಡಲಿ.

ಇನ್ನೊಂದು ಮಾತು. ಹಳೆಯ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾದ ಲೆನ್ಸನ್ನೇ ಫುಲ್ ಫ್ರೇಮ್ ಕ್ಯಾಮೆರಾಗೆ ಹಾಕಿಕೊಂಡರೆ ಆಯ್ತಲ್ವಾ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಕಬಹುದು, ಆದರೆ ಅದು ದೊಡ್ಡ ಸೆನ್ಸರ್ ನಡುಭಾಗವನ್ನಷ್ಟೇ ತುಂಬುತ್ತದೆ. 33 ಮೆಗಾಪಿಕ್ಸೆಲ್‌ನ ಸೋನಿ ಎ7 ಫೋರ್ ಕ್ಯಾಮೆರಾದಲ್ಲಿ ಆಗ ಉಳಿಯುವುದು ಸುಮಾರು 14 ಮೆಗಾಪಿಕ್ಸೆಲ್. ಲೆನ್ಸಿಗೆ ಈಗಲೇ ದುಡ್ಡು ಹೊಂದಿಸಲು ಆಗದಿದ್ದರೆ, ಕ್ಯಾಮೆರಾ ಬದಲಿಸಲು ಸ್ವಲ್ಪ ಕಾಯುವುದೇ ಒಳ್ಳೆಯದು.