ಹ್ಯಾಂಡಲ್ ಮೇಲೆ ಜಾಗ ಇಲ್ಲ

ನಮ್ಮ ಬೈಕುಗಳಿಗೆ ಗಾರ್ಡುಗಳಿಗೇನೂ ಕೊರತೆ ಇಲ್ಲ. ಕೆಸರು ಹಾರದಿರಲಿ ಅಂತ ಮಡ್‌ಗಾರ್ಡ್. ಬಿದ್ದರೆ ಕಾಲು ಉಳಿಯಲಿ ಅಂತ ಲೆಗ್ ಗಾರ್ಡ್. ಸೆರಗು ಚಕ್ರಕ್ಕೆ ಸಿಗದಿರಲಿ ಅಂತ ಸೀರೆ ಗಾರ್ಡ್. ಇದಂತೂ ಕಾನೂನಿನಲ್ಲೇ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದನ್ನು ತೆಗೆದು ನೋಡಿ. ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಹಿಡಿಕೆ ಇರಬೇಕು, ಕಾಲಿಡಲು ಜಾಗ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧವಾದರೂ ಮುಚ್ಚಿರಬೇಕು. ಹಿಂದೆ ಕೂತವರ ಬಗ್ಗೆ ಇಷ್ಟೆಲ್ಲ ಕಾಳಜಿ. ಓಡಿಸುವವನ ಕೈ ಸುದ್ದಿ ಮಾತ್ರ ಅಲ್ಲಿಲ್ಲ. ಗಾಳಿ, ಮಳೆ ಹನಿ, ಸಂಜೆ ಹೊತ್ತಿನ ಹುಳ, ಎಲ್ಲವೂ ಮೊದಲು ಬಂದು ಬಡಿಯೋದು ಅವನ ಬೆರಳ ಗೆಣ್ಣಿಗೇ ಅಲ್ವಾ?

ಹಾಗಂತ ದಾವಣಗೆರೆಯಲ್ಲಿ ಯಾರಾದರೂ ಹ್ಯಾಂಡಲ್ ಮೇಲೆ ಬೆರಳಿಗೆ ಅಡ್ಡ ನಿಲ್ಲೋ ಹ್ಯಾಂಡ್ ಗಾರ್ಡ್ ಹಾಕಿಕೊಂಡರೆ ಜನ ಕೇಳೋದು ಒಂದೇ: "ಏನ್ರೀ, ಲಡಾಖ್‌ಗೆ ಹೊರಟ್ರಾ?" ಲಡಾಖ್ ಬಿಡಿ, ಹರಿಹರಕ್ಕೆ ಹೋಗಿ ಬಂದರೆ ಈ ವಾರದ ಓಡಾಟ ಮುಗೀತು. ಚಳಿಗೆ ಬೇಕು ಅನ್ನೋ ಮಾತೂ ನಮ್ಮೂರಲ್ಲಿ ಜಾಸ್ತಿ ನಿಲ್ಲೋದಿಲ್ಲ. ಡಿಸೆಂಬರ್‌ನಲ್ಲಿ ಬೆಳಗ್ಗೆ ಬೇಗ ಹೊರಟರೆ ಬೆರಳು ಮರಗಟ್ಟುತ್ತೆ, ನಿಜ. ಅದಕ್ಕೆ ಒಂದು ಜೊತೆ ಗ್ಲೌಸ್ ಸಾಕು. ಗಂಟೆ ಒಂಬತ್ತಾದರೆ ಬಿಸಿಲೇ ಬಂದು ಬೆಚ್ಚಗೆ ಮಾಡುತ್ತೆ.

ನನಗೆ ಬೇಕಾಗಿದ್ದು ಬೇರೆ ಕಾರಣಕ್ಕೆ. ಒಂದು, ಬಳ್ಳಾರಿ ಜಾಲಿ. ಜಗಳೂರು ಕಡೆಯ ಹಳ್ಳಿ ರಸ್ತೆಗಳಲ್ಲಿ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳೋದು ಬೇಡ. ಮಳೆ ಬರಲಿ ಬಿಡಲಿ, ಅದು ಬೆಳೆಯುತ್ತೆ. ಎರಡೂ ಬದಿಯಿಂದ ರಸ್ತೆಗೆ ಬಾಗಿರುತ್ತೆ. ಎದುರಿಗೆ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್ ಬಂದರೆ ಬೈಕಿನವನಿಗೆ ಉಳಿಯೋದು ಜಾಲಿಯ ಮಗ್ಗುಲು ಮಾತ್ರ. ಮುಳ್ಳು ಗೆಣ್ಣಿನ ಮೇಲೆ ಗೀರಿಕೊಂಡೇ ಹೋಗುತ್ತೆ.

ಇನ್ನೊಂದು, ಲಿವರ್. ಹೊಲದ ಬದುವಿನಲ್ಲಿ ಎರೆ ಮಣ್ಣಿನ ಮೇಲೆ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿರ್ತೀವಿ. ಹಿಂದಿನ ದಿನ ಮಳೆ ಬಂದಿರುತ್ತೆ. ನಾವು ಆ ಕಡೆ ಮಾತಾಡುತ್ತಾ ನಿಂತಿರುವಾಗ ಸ್ಟ್ಯಾಂಡು ಮೆಲ್ಲಗೆ ಮಣ್ಣಿಗೆ ಇಳಿದು, ಬೈಕು ಎಡಕ್ಕೆ ಒರಗಿ ಧಡ್ ಅಂತ ಮಲಗುತ್ತೆ. ಎಡಕ್ಕೆ ಬಿದ್ದರೆ ಮೊದಲು ನೆಲ ಮುಟ್ಟೋದು ಕ್ಲಚ್ ಲಿವರಿನ ತುದಿ. ಲಿವರ್ ಎರಕ ಹೊಯ್ದದ್ದು, ಬಗ್ಗೋದಕ್ಕಿಂತ ಮುರಿಯೋದೇ ಹೆಚ್ಚು. ಎಂಜಿನ್, ಪೆಟ್ರೋಲ್, ಟೈರು ಎಲ್ಲ ಸರಿ ಇದ್ದೂ ಒಂದು ಗೇಣು ಲೋಹ ಇಲ್ಲ ಅಂತ ಊರವರೆಗೆ ತಳ್ಳಿಕೊಂಡು ಬರಬೇಕು. ಹೀಗಾಗಿ ಹ್ಯಾಂಡ್ ಗಾರ್ಡ್ ಕಾಯೋದು ಕೈಗಿಂತ ಹೆಚ್ಚಾಗಿ ಲಿವರನ್ನು ಅನ್ನೋದು ನನ್ನ ಅಭಿಪ್ರಾಯ. ರೇಸಿನವರೂ ಲಿವರ್ ವಿಷಯದಲ್ಲಿ ಹುಷಾರು. ಮೋಟೋಜಿಪಿಯಲ್ಲಿ ಮುಂದಿನ ಬ್ರೇಕ್ ಲಿವರಿಗೆ ಅಡ್ಡಪಟ್ಟಿ ಕಡ್ಡಾಯ. ಪಕ್ಕದ ಬೈಕು ತಾಗಿ ಲಿವರ್ ಒತ್ತಿಕೊಂಡರೆ ಆ ವೇಗದಲ್ಲಿ ಸವಾರ ಮುಗ್ಗರಿಸೋದೇ.

ಅಂಗಡಿಯಲ್ಲಿ ಎರಡು ತರಹ ಇರುತ್ತೆ. ಬರೀ ಪ್ಲಾಸ್ಟಿಕ್ಕಿನದು ಒಂದೇ ಕಡೆ ಕಚ್ಚಿಕೊಂಡು ಬೆರಳ ಮುಂದೆ ನಿಲ್ಲುತ್ತೆ. ಗಾಳಿ ತಡೆಯುತ್ತೆ, ನೋಡೋಕೂ ಚೆನ್ನ. ಬಿದ್ದರೆ ಅದೂ ಹೋಯಿತು, ಲಿವರೂ ಹೋಯಿತು. ಇನ್ನೊಂದರಲ್ಲಿ ಪ್ಲಾಸ್ಟಿಕ್ಕಿನ ಹಿಂದೆ ಅಲ್ಯೂಮಿನಿಯಂ ಪಟ್ಟಿ ಇರುತ್ತೆ. ಅದು ಹ್ಯಾಂಡಲ್ಲಿನ ತುದಿಯಿಂದ ಹೊರಟು, ಲಿವರನ್ನು ಬಳಸಿಕೊಂಡು, ಒಳಗಡೆ ಮತ್ತೆ ಹ್ಯಾಂಡಲ್ಲನ್ನೇ ಹಿಡಿಯುತ್ತೆ. ದುಡ್ಡು ಕೊಡೋದಾದರೆ ಇದಕ್ಕೇ ಕೊಡಿ. "ಎಲ್ಲಾ ಬೈಕಿಗೂ ಆಗುತ್ತೆ ಸರ್" ಅಂತ ಅಂಗಡಿ ಹುಡುಗ ಹೇಳ್ತಾನೆ. ಅವನು ಹೇಳೋದು ಅರ್ಧ ಸರಿ. ಹೆಚ್ಚಿನ ಬೈಕುಗಳಲ್ಲಿ ಗ್ರಿಪ್ ಇರುವ ಕಡೆ ಪೈಪಿನ ದಪ್ಪ 22 ಮಿ.ಮೀ. ಮಧ್ಯದಲ್ಲಿ ಉಬ್ಬಿರುವ ದಪ್ಪ ಹ್ಯಾಂಡಲ್ ಆದರೆ 28.6. ಗಾರ್ಡನ್ನು ಹ್ಯಾಂಡಲ್ಲಿಗೆ ಕಚ್ಚಿಸೋ ಕ್ಲಾಂಪು ಎರಡರಲ್ಲಿ ಯಾವುದಕ್ಕೆ ಮಾಡಿದ್ದು ಅಂತ ಕೇಳಿದರೆ ಹುಡುಗ ಡಬ್ಬಿ ತಿರುಗಿಸಿ ನೋಡ್ತಾನೆ.

ಡಬ್ಬಿ ಮನೆಗೆ ತಂದು ಬೈಕಿನ ಪಕ್ಕ ಕೂತಾಗಲೇ ಹ್ಯಾಂಡಲ್ ಅನ್ನೋದು ಎಷ್ಟು ಕಿಷ್ಕಿಂಧೆ ಅಂತ ಗೊತ್ತಾಗೋದು. ಅದು ಹಳೇ ಊರಿನ ವಠಾರ. ಕ್ಲಚ್ಚಿನ ಮನೆ ಇದೆ, ಬ್ರೇಕಿನ ಮನೆ ಇದೆ. ಬ್ರೇಕ್ ಎಣ್ಣೆಯ ಡಬ್ಬಿ ಬಾಲ್ಕನಿಯಲ್ಲಿ ಕೂತಿದೆ. ಹಾರನ್ನು, ಇಂಡಿಕೇಟರು ಒಂದೇ ಕೋಣೆಯಲ್ಲಿ ಸಂಸಾರ ಮಾಡ್ತಿವೆ. ಕನ್ನಡಿಗಳು ಎರಡೂ ಮಹಡಿ ಮೇಲೆ. ಹೋದ ವರ್ಷ ಮೊಬೈಲ್ ಹೋಲ್ಡರ್ ಬಂದು ಸೇರಿಕೊಂಡಿತ್ತು. ಯಾವುದೋ ಜಾತ್ರೆಯಲ್ಲಿ ಕಟ್ಟಿದ ಕೆಂಪು ದಾರಕ್ಕಂತೂ ಬಾಡಿಗೆಯೇ ಇಲ್ಲ. ಈಗ ಹ್ಯಾಂಡ್ ಗಾರ್ಡಿನ ಕ್ಲಾಂಪಿಗೆ ಎರಡು ಬೆರಳಗಲ ಜಾಗ ಬೇಕು. ಅಂದರೆ ಎಲ್ಲರೂ ಸ್ವಲ್ಪ ಸ್ವಲ್ಪ ಸರಿಯಬೇಕು. ಕ್ಲಚ್ ಲಿವರ್ ಒಂದಿಷ್ಟು ಕೆಳಕ್ಕೆ, ಸ್ವಿಚ್ ಒಂದಿಷ್ಟು ಒಳಕ್ಕೆ. ಮೊಬೈಲ್ ಹೋಲ್ಡರ್ ಖಾಲಿ ಮಾಡಲೇಬೇಕು.

ನಮ್ಮ ಎದುರು ಮನೆ ಕಾಕಾ ಹತ್ತಿ ಗಿರಣಿಯಲ್ಲಿ ಫಿಟರ್ ಆಗಿದ್ದವರು. ದಾವಣಗೆರೆಯ ಗಿರಣಿಗಳ ಸೈರನ್ ನಿಂತು ಎಷ್ಟೋ ಕಾಲ ಆಯಿತು, ಕಾಕಾರ ಕಿವಿ ಮಾತ್ರ ಸ್ಪ್ಯಾನರ್ ಸದ್ದಿಗೆ ಇನ್ನೂ ಚುರುಕು. ಬಂದು ಕುರ್ಚಿ ಹಾಕಿಸಿಕೊಂಡು ಕೂತರು.

"ಏನೋ ತಮ್ಮಾ, ಚೆನ್ನಾಗಿರೋ ಗಾಡಿ ಬಿಚ್ತಾ ಇದೀಯಲ್ಲ?"

"ಗಾರ್ಡ್ ಹಾಕ್ತಿದೀನಿ ಕಾಕಾ. ಕೈಗೆ."

"ಕೈಗೆ ಏನಾಗಿದೆ?"

ಹ್ಯಾಂಡಲ್ ತುದಿಯಲ್ಲಿ ಗುಂಡಗಿನ ಒಂದು ತೂಕ ಇರುತ್ತೆ. ಎಂಜಿನ್ನಿನ ನಡುಕ ಅಂಗೈಗೆ ಬರದಂತೆ ತಡೆಯೋದು ಅದರ ಕೆಲಸ. ಗಾರ್ಡಿಗೆ ಜಾಗ ಮಾಡಬೇಕಾದರೆ ಅದು ಹೊರಗೆ ಬರಬೇಕು. ಅದನ್ನು ಹಿಡಿದಿರೋದು ಒಂದು ಸ್ಟಾರ್ ಸ್ಕ್ರೂ. ಕಂಪನಿಯವರು ಅದಕ್ಕೆ ಅಂಟು ಹಾಕಿ ಬಿಗಿದಿರ್ತಾರೆ. ಸುಮ್ನೆ ತಿರುಗಿಸಲು ಹೋದರೆ ಸ್ಕ್ರೂ ಬರೋದಿಲ್ಲ, ತಲೆಯ ಗೀರುಗಳು ಸವೆದು ಗುಂಡಗಾಗ್ತವೆ. ಕಾಕಾ ಕೂತಲ್ಲಿಂದಲೇ ಹೇಳಿದರು: "ಮೊದಲು ಹೊಡಿ, ಆಮೇಲೆ ತಿರುಗಿಸು." ಸ್ಕ್ರೂಡ್ರೈವರನ್ನು ನೆಟ್ಟಗೆ ಇಟ್ಟು ಹಿಂದಿನಿಂದ ಸುತ್ತಿಗೆಯಲ್ಲಿ ಎರಡು ಏಟು. ಆಮೇಲೆ ಮೈಭಾರವೆಲ್ಲ ಬಿಟ್ಟು ಒತ್ತಿ ತಿರುಗಿಸಿದರೆ ಟಕ್ ಅಂತ ಒಂದು ಸದ್ದು. ಅಂಟು ಬಿಟ್ಟಿತು ಅಂತ ಅರ್ಥ. ಆ ಸದ್ದಿನಲ್ಲಿರೋ ಸುಖ ಬಿಚ್ಚಿ ನೋಡಿದವರಿಗೇ ಗೊತ್ತು.

ಎಡಗಡೆಯದು ಸಲೀಸು. ಬಲಗಡೆ ಹುಷಾರಾಗಿರಬೇಕು, ಅಲ್ಲಿರೋದು ಆಕ್ಸಿಲರೇಟರ್. ಗ್ರಿಪ್ಪಿನ ಒಳಗಿರುವ ಪ್ಲಾಸ್ಟಿಕ್ ಕೊಳವೆ ಹ್ಯಾಂಡಲ್ ಪೈಪಿನ ಮೇಲೆ ತಿರುಗುತ್ತಾ ಇರುತ್ತೆ. ಪೈಪಿನೊಳಗೆ ಗಾರ್ಡಿನ ಬೋಲ್ಟು, ಅದರ ಸುತ್ತ ಬುಷ್ ಅನ್ನೋ ಸೀಳಿದ ಪುಟ್ಟ ಕೊಳವೆ. ಬೋಲ್ಟು ಬಿಗಿದಂತೆ ಬುಷ್ ಅಗಲವಾಗಿ ಪೈಪನ್ನು ಒಳಗಿನಿಂದ ಕಚ್ಚುತ್ತೆ. ಜೊತೆಗೆ ಗಾರ್ಡೂ ಒಳಕ್ಕೆ ಸರಿಯುತ್ತೆ. ಸರಿದು ಗ್ರಿಪ್ಪಿಗೆ ಒತ್ತಿಕೊಂಡರೆ ಆಕ್ಸಿಲರೇಟರ್ ಕೊಟ್ಟದ್ದು ಕೊಟ್ಟಲ್ಲೇ ನಿಲ್ಲುತ್ತೆ. ಕೈ ಬಿಟ್ಟರೂ ಗಾಡಿ ಬಿಡೋದಿಲ್ಲ. ಪಿ.ಬಿ. ರೋಡಿನ ಸಂಜೆ ಟ್ರಾಫಿಕ್ಕಿನಲ್ಲಿ ಹಾಗಾದರೆ ಗತಿ ಏನು? ಅದಕ್ಕೇ ಗ್ರಿಪ್ಪಿಗೂ ಗಾರ್ಡಿಗೂ ನಡುವೆ ಒಂದೆರಡು ಮಿ.ಮೀ. ಸಂದಿ ಬಿಡಬೇಕು. ಎರಡು ಎಟಿಎಂ ಕಾರ್ಡು ಜೋಡಿಸಿ ತೂರಿಸಿ ನೋಡಿ, ಸರಾಗ ಹೋಗಬೇಕು. ಬ್ಯಾಂಕಿನಲ್ಲಿ ದುಡ್ಡಿಲ್ಲದ ಕಾರ್ಡೂ ಆಗುತ್ತೆ.

ಎಲ್ಲ ಬೋಲ್ಟನ್ನೂ ಮೊದಲು ಸಡಿಲವಾಗಿ ಸಿಗಿಸಿ, ಗಾರ್ಡ್ ತನ್ನ ಜಾಗ ತಾನೇ ಹುಡುಕಿಕೊಂಡ ಮೇಲೆ ಬಿಗಿಯೋದು ಕಾಕಾರ ಪದ್ಧತಿ. ಒಂದು ಕಡೆ ಪೂರ್ತಿ ಬಿಗಿದು ಇನ್ನೊಂದು ಕಡೆ ಎಳೆದು ಕೂರಿಸಿದರೆ ಪಟ್ಟಿ ಸೆಟೆದುಕೊಂಡೇ ಇರುತ್ತೆ, ನಡುಕಕ್ಕೆ ಒಂದು ದಿನ ಬಿರುಕು ಬಿಡುತ್ತೆ. ಲಿವರಿನ ಕ್ಲಾಂಪನ್ನು ಜೀವ ಹೋಗೋ ಹಾಗೆ ಬಿಗಿಬಾರದು ಅಂತಲೂ ಅವರೇ ಅಂದರು. ಪೆಟ್ಟು ಬಿದ್ದಾಗ ಲಿವರ್ ಕ್ಲಾಂಪಿನ ಸಮೇತ ಸ್ವಲ್ಪ ತಿರುಗಿದರೆ ಮುರಿಯೋದು ತಪ್ಪುತ್ತೆ. ಗಿರಣಿಯಲ್ಲಿ ಬೈಕಿನ ಲಿವರ್ ಎಲ್ಲಿತ್ತೋ ಗೊತ್ತಿಲ್ಲ, ಮಾತು ಮಾತ್ರ ಸರಿ.

ಕೊನೆಗೆ ಪರೀಕ್ಷೆ. ಮುಂದಿನ ಚಕ್ರವನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಬೇಕು. ಗಾರ್ಡ್ ಟ್ಯಾಂಕಿಗೆ ತಾಗಬಾರದು, ಬ್ರೇಕಿನ ಪೈಪು ಮಡಚಬಾರದು. ಎರಡೂ ಲಿವರ್ ಪೂರ್ತಿ ಎಳೆದು ಬಿಟ್ಟು ನೋಡಬೇಕು. ಆಮೇಲೆ ಎಂಜಿನ್ ಶುರು ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟು, ಹ್ಯಾಂಡಲ್ ಈ ತುದಿಯಿಂದ ಆ ತುದಿಗೆ ತಿರುಗಿಸುತ್ತಾ ಕಿವಿಗೊಡಬೇಕು. ತಿರುಗಿಸಿದಾಗ ಎಂಜಿನ್ ತಾನಾಗೇ ಏರಿದರೆ ಕೇಬಲ್ ಎಲ್ಲೋ ಎಳೆದುಕೊಂಡಿದೆ ಅಂತ ಲೆಕ್ಕ.

ರಸ್ತೆಯ ಪರೀಕ್ಷೆ ಆಗಿದ್ದು ಚಿತ್ರದುರ್ಗದ ಹಾದಿಯಲ್ಲಿ. 1997ರವರೆಗೆ ನಾವೂ ಅದೇ ಜಿಲ್ಲೆ. ಪಾಲಾಗುವಾಗ ಗಾಳಿಯೆಲ್ಲ ಅವರ ಕಡೆಗೇ ಹೋಯಿತು. ಹೈವೇಯಲ್ಲಿ ದುರ್ಗ ಹತ್ತಿರವಾದಂತೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣೋಕೆ ಶುರುವಾಗ್ತವೆ. ಆಷಾಢದಲ್ಲಿ ಅವಕ್ಕೆ ಬಿಡುವಿಲ್ಲ, ಬೈಕಿನವನಿಗೂ ಇಲ್ಲ. ಎದುರುಗಾಳಿಗೆ ಗಾರ್ಡ್ ಚೆನ್ನಾಗಿ ಅಡ್ಡ ನಿಲ್ಲುತ್ತೆ, ಬೆರಳಿಗೆ ಗಾಳಿ ಬಡಿದದ್ದೇ ಗೊತ್ತಾಗಲಿಲ್ಲ. ಅಡ್ಡಗಾಳಿ ಬಂದಾಗ ಮಾತ್ರ ಅದೇ ಪ್ಲಾಸ್ಟಿಕ್ಕು ಗಾಳಿ ಹಿಡಿದು ಹ್ಯಾಂಡಲ್ಲನ್ನು ಚೂರು ಜಗ್ಗುತ್ತೆ. ಈ ವಿಷಯ ಡಬ್ಬಿ ಮೇಲೆ ಯಾರೂ ಬರೆಯೋದಿಲ್ಲ.

ದೊಡ್ಡ ತಕರಾರು ಬಂದಿದ್ದು ಗಾಳಿಯಿಂದ ಅಲ್ಲ, ಅಮ್ಮನಿಂದ. ಮಾರ್ಕೆಟ್ಟಿನಲ್ಲಿ ತರಕಾರಿ, ಮಂಡಕ್ಕಿ, ತೆಂಗಿನಕಾಯಿ ಎಲ್ಲ ತುಂಬಿದ ಚೀಲವನ್ನು ಅಭ್ಯಾಸದಂತೆ ಹ್ಯಾಂಡಲ್ಲಿಗೆ ಸಿಗಿಸಲು ಬಂದರು. ತುದಿಯಲ್ಲಿ ದಾರಿ ಬಂದ್. ಪಟ್ಟಿ ಸುತ್ತಿಕೊಂಡು ಹೋಗಿ ಹ್ಯಾಂಡಲ್ಲನ್ನು ಪೂರ್ತಿ ಮುಚ್ಚಿಬಿಟ್ಟಿದೆ, ಚೀಲದ ಹಿಡಿ ಒಳಗೆ ಹೋಗೋದೇ ಇಲ್ಲ. ಅಮ್ಮ ಚೀಲ ಹಿಡಿದುಕೊಂಡೇ ಗಾಡಿಯನ್ನು ಆ ಕಡೆ ಈ ಕಡೆ ನೋಡಿದರು.

"ದುಡ್ಡು ಕೊಟ್ಟು ಇದ್ದ ಅನುಕೂಲಾನೂ ಕಳ್ಕೊಂಡ್ಯಲ್ಲೋ!"

ಹ್ಯಾಂಡಲ್ಲಿಗೆ ಚೀಲ ನೇತು ಹಾಕಬಾರದು, ತಿರುವಿನಲ್ಲಿ ಚಕ್ರಕ್ಕೆ ಬರುತ್ತೆ ಅಂತ ನಾನು ಶಾಸ್ತ್ರ ಹೇಳಿದೆ. ಅವರು ಚೀಲವನ್ನು ತೊಡೆ ಮೇಲೆ ಇಟ್ಟುಕೊಂಡು ಮನೆಯವರೆಗೆ ಮಾತಾಡಲಿಲ್ಲ. ಬಾಗಿಲಲ್ಲಿ ಸಿಕ್ಕ ಕಾಕಾರ ಮುಂದೆ ದೂರು ಹೋಯಿತು. ಕಾಕಾ ಗಾರ್ಡನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಗಟ್ಟಿ ಇದೆ ಅಂತ ತಲೆದೂಗಿ, ಅಮ್ಮನಿಗೆ ಸಮಾಧಾನ ಹೇಳಿದರು: "ಇರಲಿ ಬಿಡಮ್ಮ. ಆಯುಧ ಪೂಜೆಗೆ ಬಾಳೆಕಂದು ಕಟ್ಟೋಕೆ ಒಳ್ಳೇ ಜಾಗ ಆಯ್ತು."