ನಾಲ್ಕು ನಿಮಿಷದ ಫ್ಯಾನು

ಅಮೆರಿಕದಲ್ಲಿ ಪೆಟ್ರೋಲ್ ಇಂಜಿನ್ ಹೊಟ್ಟೆಯೊಳಗೇ ಇರುವ ಬೋಟುಗಳಲ್ಲಿ, ಕೀಲಿ ತಿರುಗಿಸುವ ಜಾಗದ ಹತ್ತಿರ ಒಂದು ಎಚ್ಚರಿಕೆ ಅಂಟಿಸಿರುತ್ತಾರೆ: ಸ್ಟಾರ್ಟ್ ಮಾಡುವ ಮುಂಚೆ 4 ನಿಮಿಷ ಬ್ಲೋವರ್ (ಇಂಜಿನ್ ಗೂಡಿನ ಫ್ಯಾನು) ಓಡಿಸಿ, ಪೆಟ್ರೋಲ್ ಆವಿ ಇದೆಯೇ ನೋಡಿ. ಇದನ್ನು ಬರೆದವರು ನಮ್ಮ ಸಂಸಾರವನ್ನು ಕಂಡವರಲ್ಲ. ಬಂದು ನಿಂತ ಲಿಫ್ಟಿನ ಗುಂಡಿಯನ್ನೂ ಇನ್ನೊಮ್ಮೆ ಒತ್ತುವ ಜನ ನಾವು.

ಮಿನೆಸೋಟದ ಮಿನೆಟೊಂಕ ಸರೋವರದಲ್ಲಿ ಸುತ್ತಾಡಲು ನನ್ನ ಭಾವಮೈದ ಒಂದು ಹಳೇ ಬೋಟು ಕೊಂಡಿದ್ದ. ಊರಿಂದ ಬಂದ ಮಾವ, ಅತ್ತೆ ಹತ್ತಿ ಕೂತರು. ಅವನು ಬ್ಲೋವರ್ ಸ್ವಿಚ್ ಹಾಕಿ ಕೈಕಟ್ಟಿ ನಿಂತ.

"ಎಂತ ಮಾರಾಯಾ, ಹೊರಡುವುದಿಲ್ವಾ?" ಎಂದರು ಮಾವ.

"ನಾಲ್ಕು ನಿಮಿಷ, ಅಪ್ಪ."

"ಮಲ್ಪೆಯಲ್ಲಿ ಅಷ್ಟು ಬೋಟು ಉಂಟು. ಯಾರಾದರೂ ಹೀಗೆ ಫ್ಯಾನ್ ಹಾಕಿ ಕೂತದ್ದು ಕಂಡಿದ್ದೀಯಾ?"

ಕಾಣುವುದು ಹೇಗೆ? ಮಲ್ಪೆಯ ಟ್ರಾಲ್ ಬೋಟುಗಳದ್ದು ಡೀಸೆಲ್ ಇಂಜಿನ್. ಡೀಸೆಲ್ ಪೆಟ್ರೋಲಿನಷ್ಟು ಸಲೀಸಾಗಿ ಆವಿಯಾಗುವುದಿಲ್ಲ. ನಾಡದೋಣಿಯ ಇಂಜಿನ್ನೋ ಹಿಂದೆ ಹೊರಗೇ ನೇತಾಡುತ್ತದೆ, ಕಡಲಗಾಳಿಯೇ ಅದಕ್ಕೆ ಬ್ಲೋವರ್. ಪೆಟ್ರೋಲಿನ ಕತೆ ಬೇರೆ: ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿಗೆ ಹೊತ್ತುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಸೇರಿದರೂ ಸಾಕು.

"ಗ್ಯಾಸ್ ಅಲ್ವಾ, ಮುಚ್ಚಳ ತೆಗೆದಿಟ್ಟರೆ ಮೇಲೆ ಹೋಗ್ತದೆ" ಎಂದರು ಮಾವ. ಅತ್ತೆ ಬಿಡಲಿಲ್ಲ. "ಮೇಲೆ ಎಲ್ಲಿಗೆ ಹೋಗ್ತದೆ? ಸಿಲಿಂಡರ್ ಲೀಕಾದರೆ ನೆಲದಲ್ಲೇ ಹರಡ್ತದೆ ಅಂತ ಹೇಳಿದ್ದು ಮರೆತುಹೋಯ್ತಾ?"

ಅತ್ತೆಯ ಮಾತೇ ಸರಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ನೀರು ಒಳಗೆ ಬಾರದ ಹಾಗೆ ಕಟ್ಟಿದ ತಳದಿಂದ ಅದಕ್ಕೂ ಹೊರದಾರಿ ಇಲ್ಲ. ಅದಕ್ಕೇ ಬ್ಲೋವರಿನ ಕೊಳವೆಯ ಬಾಯಿ ಇಂಜಿನ್ ಗೂಡಿನ ತಳದ ಹತ್ತಿರ, ನಿಂತ ನೀರಿಗೆ ಮುಳುಗದಷ್ಟು ಮೇಲೆ ಇರಬೇಕು. ಹೆಸರು ಊದುವುದು ಎಂದಿದ್ದರೂ ಅದು ಮಾಡುವುದು ಒಳಗಿನ ಗಾಳಿಯನ್ನು ಎಳೆದು ಹೊರಗೆ ಹಾಕುವ ಕೆಲಸ. ಆ ಜಾಗಕ್ಕೆ ಹೊಸ ಗಾಳಿ ಬರಲು ಪಕ್ಕದಲ್ಲೊಂದು ಜಾಲರಿ ಕಂಡಿ ಇತ್ತು. ಮಾವ ಅದರ ಮೇಲೆ ತಮ್ಮ ಒದ್ದೆ ಬೈರಾಸನ್ನು ನೀಟಾಗಿ ಹರಡಿದ್ದರು! ಗಾಳಿ ಬರುವ ಜಾಗ, ಬೇಗ ಒಣಗುತ್ತದಂತೆ.

ಬೈರಾಸು ತೆಗೆಸಿ ಮತ್ತೆ ಮೊದಲಿಂದ ನಾಲ್ಕು ನಿಮಿಷ. ಮಾವ ಕೈಗಡಿಯಾರವನ್ನು ಸಾಲ ವಸೂಲಿಗೆ ಬಂದವರ ಹಾಗೆ ನೋಡುತ್ತಿದ್ದರು.

ಇನ್ನು ಮೂಸಿ ನೋಡುವುದು. ಫ್ಯಾನ್ ಓಡಿತೆಂದು ಮೂಗಿಗೆ ರಜೆ ಇಲ್ಲ. ಭಾವಮೈದ ಇಂಜಿನ್ ಗೂಡಿನ ಮುಚ್ಚಳ ಎತ್ತಿ ಬಗ್ಗುವುದಕ್ಕೂ, ಪಕ್ಕದಲ್ಲಿ ಅತ್ತೆ ಗೋಳಿಬಜೆ, ಮಿಡಿ ಉಪ್ಪಿನಕಾಯಿಯ ಡಬ್ಬಿ ತೆರೆಯುವುದಕ್ಕೂ ಸರಿಹೋಯಿತು. ಆಳವಾಗಿ ಉಸಿರೆಳೆದು, "ಏನೂ ಇಲ್ಲ ಭಾವ, ಇಂಗು ಮಾತ್ರ" ಎಂದ.

ಡಬ್ಬಿ ಮುಚ್ಚಿಸಿ ದೂರ ಇಡಿಸಿದೆವು. ಈ ಸಲ ಅತ್ತೆಯೇ ಬಗ್ಗಿದರು. ಪಕ್ಕದ ಮನೆಯಲ್ಲಿ ಹಾಲು ತಳ ಹಿಡಿದರೆ ಜಗಲಿಯಲ್ಲಿ ಕೂತೇ ಹೇಳುವ ಮೂಗು ಅದು. "ಪೆಟ್ರೋಲ್ ಉಂಟು" ಎಂದರು, ಸಾರಿಗೆ ಉಪ್ಪು ಕಮ್ಮಿ ಎನ್ನುವ ದನಿಯಲ್ಲಿ.

ಎಲ್ಲರೂ ದಡಕ್ಕೆ ಇಳಿದೆವು, ಕೀಲಿ ಭಾವಮೈದನ ಜೇಬಿಗೆ ಹೋಯಿತು. ಮೆಕ್ಯಾನಿಕ್ ಬಂದು ನೋಡಿದರೆ ಪೆಟ್ರೋಲ್ ಪೈಪು ಬಿರುಕು ಬಿಟ್ಟು ಜಿನುಗುತ್ತಿತ್ತು. ಸೋರುವ ಪೈಪಿನ ಮುಂದೆ ಬ್ಲೋವರ್ ದಿನವಿಡೀ ಓಡಿದರೂ ಅಷ್ಟೇ. ಪೈಪು ಬದಲಿಸದೆ ಬೋಟು ಮುಟ್ಟಬೇಡಿ ಎಂದ.

ಗೋಳಿಬಜೆ ಡಾಕಿನ ಮೇಲೇ ಖಾಲಿಯಾಯಿತು. ಮಾವ ಮಾತ್ರ ಪಕ್ಕದ ಬೋಟಿನವನನ್ನು ಹಿಡಿದು, ಆವಿ ಭಾರ, ಕಂಡಿ ಮುಚ್ಚಬಾರದು, ಫ್ಯಾನು ನಾಲ್ಕು ನಿಮಿಷ ಎಂದು ಬೆರಳು ಮಡಚಿ ಪಾಠ ಮಾಡುತ್ತಿದ್ದರು. ಆತ ಪೂರ್ತಿ ಕೇಳಿಸಿಕೊಂಡು, ಥ್ಯಾಂಕ್ಸ್ ಹೇಳಿ, ಹಾಯಿ ಬಿಚ್ಚಿಕೊಂಡು ಹೊರಟುಹೋದ. ಅವನ ದೋಣಿಗೆ ಇಂಜಿನ್ನೇ ಇರಲಿಲ್ಲ.